ಟ್ರಸ್ ಬ್ರಿಜ್ಜಿಗೆ ‘ಕಮಾನು ಸೇತುವೆ’ ಎನ್ನಬಹುದೇ?

ಪ್ರಶ್ನೆ: ರಾಯಚೂರಿನಿಂದ ಮುಂಬೈ ಕಡೆ ಹೊರಟ ರೈಲು ಕೃಷ್ಣೆಯನ್ನು ದಾಟಬೇಕು, ಚೆನ್ನೈ ಕಡೆಯದು ತುಂಗಭದ್ರೆಯನ್ನು. ತ್ರಿಕೋನಗಳಾಗಿ ಉಕ್ಕು ಜೋಡಿಸಿದ ಸೇತುವೆಯನ್ನು ಕೆಲವರು ‘ಕಮಾನು ಸೇತುವೆ’ ಅಂತ ಬರೀತಾರ, ಮಾತಿನ್ಯಾಗ ಬರೇ ‘ಕಬ್ಬಿಣದ ಬ್ರಿಜ್’. ಆ ಜೋಡಣೆ ಅಂದ್ರ ಟ್ರಸ್, ಕಂಬದಿಂದ ಕಂಬದ ತನಕದ ಸ್ಪ್ಯಾನ್, ಇವಕ್ಕ ಕನ್ನಡದಾಗ ಏನನ್ನಬೇಕ್ರಿ?

ಉತ್ತರ: ಕಮಾನು ಬೇಡ. ಕಮಾನು ಎರಡು ಬದಿಯ ಕಟ್ಟೆಗಳನ್ನು ಒದ್ದುಕೊಂಡು ನಿಲ್ಲುವಂಥದ್ದು. ಟ್ರಸ್ ತೊಲೆಯ ಹಾಗೆ ಕಂಬಗಳ ಮೇಲೆ ಕೂತಿರುತ್ತದೆ. ಭಾರ ಬಿದ್ದಾಗ ಮೇಲಿನ ಪಟ್ಟಿ ಒತ್ತಿಗೆ ಸಿಗುತ್ತದೆ, ಕೆಳಗಿನದು ಎಳೆತಕ್ಕೆ. ಮೇಲಂಚು ಬಾಗಿದ್ದರೂ ಅದು ಕಮಾನಾಗದು. ‘ಜಾಲರಿ’ಯೂ ಒಗ್ಗದು, ಜಾಲರಿ ಭಾರ ಹೊರುವುದಿಲ್ಲ.

ನನ್ನ ಓಟು ‘ಹಂದರ’ಕ್ಕೆ. ಮದುವಿ ಹಂದರ ಕಣ್ಮುಂದೆ ಬಂದು ನಗು ಬಂದೀತು, ಆದರೆ ‘ಎಲುಬಿನ ಹಂದರ’ ಎಂಬ ಮಾತೂ ನಮ್ಮದೇ. ರೈಲ್ವೆಯವರು ಇದನ್ನು ಓಪನ್ ವೆಬ್ ಗರ್ಡರ್ (ನಡುಭಾಗ ತೆರೆದಿರುವ ತೊಲೆ) ಎನ್ನುತ್ತಾರೆ. ‘ಹಂದರ ತೊಲೆ’ ಅಂದರೆ ಅದಕ್ಕೂ ಕೂಡುತ್ತದೆ.

ಸ್ಪ್ಯಾನಿಗೆ ‘ಅಂಕಣ’ ಇದ್ದೇ ಇದೆ, ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಎಣಿಸುವುದು ಅದನ್ನೇ. ರೈಲ್ವೆಯ ರೂಢಿಯ ಅಂಕಣಗಳು 30.5, 45.7, 61, 76.2 ಮೀಟರ್. ಅಳತೆ ವಿಚಿತ್ರ ಅನ್ನಿಸಿದರೆ ಅಡಿಯಲ್ಲಿ ನೋಡಿ: 100, 150, 200, 250.

ಬೇರಿಂಗ್ (ಕಂಬದ ಮೇಲೆ ತೊಲೆಯ ತುದಿ ಕೂರುವ ಆಸರೆ), ರಿವೆಟ್ (ಉಕ್ಕಿನ ಪಟ್ಟಿಗಳನ್ನು ಕೂಡಿಸುವ ತಲೆಯುಳ್ಳ ಮೊಳೆ) ಹಾಗೇ ಇರಲಿ. ಅವುಗಳ ರೋಗಕ್ಕೆ ಮಾತ್ರ ಕನ್ನಡ ಬೇಕು. 61 ಮೀಟರ್ ಉಕ್ಕು 40 ಡಿಗ್ರಿ ಬಿಸಿ ಏರಿದರೆ ಸುಮಾರು 29 ಮಿ.ಮೀ. ಹಿಗ್ಗುತ್ತದೆ, ಅದಕ್ಕೇ ಒಂದು ತುದಿ ಭದ್ರ, ಇನ್ನೊಂದು ರೋಲರ್ ಮೇಲೆ. ಧೂಳು ಕೂತು ಗ್ರೀಸ್ ಒಣಗಿದರೆ ರೋಲರ್ ‘ಹಿಡಕೊಳ್ಳುತ್ತದೆ’. ಆಗ ಬೇರಿಂಗನ್ನು ಕಂಬಕ್ಕೆ ಬಿಗಿದ ಆಂಕರ್ ಬೋಲ್ಟ್ ತುಂಡಾಗಬಹುದು, ಅದು ಕೂತಿರುವ ಕೆಳಗಿನ ಬೆಡ್ ಬ್ಲಾಕ್ ಎಂಬ ದಿಮ್ಮಿ ಸೀಳಬಹುದು. ‘ಬೇರಿಂಗ್ ಸ್ಥಗಿತಗೊಂಡಿದೆ’ ಅಂತ ಬರೆದರೆ ಇದ್ಯಾವುದೂ ಹೊಳೆಯುವುದಿಲ್ಲ.

ರಿವೆಟ್ಟಿಗೆ ‘ಸಡಿಲ’ ಸಾಕು. ತಲೆಯ ಒಂದು ಮಗ್ಗುಲಿಗೆ ಬೆರಳಿಟ್ಟು ಎದುರು ಮಗ್ಗುಲನ್ನು 110 ಗ್ರಾಂ ಸುತ್ತಿಗೆಯಿಂದ ತಟ್ಟುತ್ತಾರೆ. ಸಡಿಲಾಗಿದ್ದರೆ ಅದುರು ಬೆರಳಿಗೆ ತಿಳಿಯುತ್ತದೆ. ತಲೆಯ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಮೊದಲು ಅದನ್ನೇ ತಟ್ಟಿ.

ಮರುಪ್ರಶ್ನೆ: ಹಂದರದೊಳಗ ಪಟ್ಟಿಗಳು ಕೂಡುವ ಒಂದು ಗಂಟಿನಿಂದ ಮುಂದಿನ ಗಂಟಿನ ತನಕದ ಭಾಗಕ್ಕ, ಅಂದ್ರ ಪ್ಯಾನೆಲ್‌ಗೂ ಅಂಕಣ ಅನ್ನಬಹುದೇನ್ರಿ?

ಉತ್ತರ: ಬೇಡ್ರಿ, ಕೆಲಸದ ಚೀಟಿಯಲ್ಲಿ ಎರಡೂ ಕಲಸಿಹೋಗುತ್ತವೆ. ಪಗಡೆ ಹಾಸಿನ ಹಾಗೆ ‘ಮನೆ’ ಅನ್ನಿ: ‘ಎರಡನೇ ಅಂಕಣ, ಮೂರನೇ ಮನೆ, ಎಡಗಡೆ ಓರೆಪಟ್ಟಿ’.