ಚಿಕ್ಕಪ್ಪಾ, ಹುಡುಗನನ್ನು ಇಡುವ ಮೊದಲು ಇದನ್ನು ಕೇಳಿ

ವಾಯ್ಸ್ ಕಳಿಸಿದರೆ ಚಿಕ್ಕಮ್ಮ ಕೇಳೋದೇ ಇಲ್ಲ, ಅದಕ್ಕೆ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ. ಕಟ್ಟಡ ಕೆಲಸ ಈಗ ಮೂರು ಸೈಟ್ ಆಯ್ತು, ಲೆಕ್ಕಕ್ಕೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಲಾ ಅಂತ ನೀವು ಕೇಳಿದ್ದಿರಿ. ಹುಡುಗ ಯಾಕೆ, ಸಾಫ್ಟ್‌ವೇರ್ ತಗೊಳ್ಳಿ ಅಂತ ಭಾವ ಹೇಳಿದರು. ನನ್ನ ಕೇಳಿದರೆ ಸದ್ಯಕ್ಕೆ ಎರಡೂ ಬೇಡ.

ಒಂದು ಸಿಮೆಂಟ್ ಲೋಡ್ ಬಂತು ಅಂತ ಇಟ್ಟುಕೊಳ್ಳಿ. ವಾಚ್‌ಮನ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ, ಸೂಪರ್‌ವೈಸರ್ ತನ್ನ ಡೈರಿಯಲ್ಲಿ ಬರೆಯುತ್ತಾನೆ, ಮಾಲಿನ ಜೊತೆ ಬರುವ ಚೀಟಿ, ಅದೇ ಚಲನ್, ಅವನ ಜೇಬಿನಲ್ಲೇ ಬೆವರಿಗೆ ನೆನೆದು ಶನಿವಾರ ಆಫೀಸಿಗೆ ಬರುತ್ತದೆ, ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿಗೆ ಹಾಕುತ್ತಾರೆ. ಮೂರು ಕಡೆ ಮೂರು ಲೆಕ್ಕ. ಹತ್ತು ಮೂಟೆ ಎಲ್ಲಿ ಹೋಯ್ತು ಅಂತ ಹುಡುಕೋಕೆ ಅರ್ಧ ದಿನ. ಹೊಸ ಹುಡುಗ ಬಂದರೆ ನಾಲ್ಕನೇ ಕಡೆ ಬರೆಯುತ್ತಾನೆ, ಅಷ್ಟೇ ಅಲ್ವಾ?

ನಮ್ಮನೇಲಿ ಕಾಂಟ್ರಾಕ್ಟ್ ಲೆಕ್ಕ ನೋಡೋದು ನಾನೇ, ನಾವೂ ಹೀಗೇ ಒದ್ದಾಡಿದವರು. ಈಗ ಗೇಟಿನಲ್ಲೇ ಒಂದು ಗೂಗಲ್ ಫಾರ್ಮ್. ಏನು ಬಂತು, ಎಷ್ಟು ಬಂತು, ಚಲನ್ ಫೋಟೊ. ಅದಕ್ಕೆ ದುಡ್ಡೂ ಇಲ್ಲ, ಬರೆದದ್ದು ನೇರ ಗೂಗಲ್ ಶೀಟಿಗೆ ಬಂದು ಕೂರುತ್ತದೆ. ಕಂಬಿ ಬಂದರೆ ಸೈಜು ಮತ್ತು ಎಷ್ಟು ಕಂಬಿ ಅಂತ ಮಾತ್ರ ಹಾಕಿಸಿ. 12 ಎಂಎಂ ಕಂಬಿ ಮೀಟರಿಗೆ 0.888 ಕೆಜಿ, 12 ಮೀಟರಿನ ಒಂದು ಕಂಬಿಗೆ ಹತ್ತಿರ ಹತ್ತಿರ 10.66 ಕೆಜಿ. ಗುಣಿಸೋದನ್ನು ಶೀಟೇ ಮಾಡಿಕೊಳ್ಳುತ್ತದೆ, ಲಾರಿ ತೂಕ ಮಾಡಿಸಿದ ವೇಬ್ರಿಡ್ಜ್ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ, ಅದಕ್ಕೆಲ್ಲ ಜಗಳ ಮಾಡಬೇಡಿ.

ಕೂಲಿ ಬಟವಾಡೆ ಮಾತ್ರ ನಿಜವಾದ ತಲೆನೋವು. ಅರ್ಧ ಹಾಜರಿ, ಒಂದೂವರೆ ಹಾಜರಿ, ಮಧ್ಯದಲ್ಲಿ ಕೊಟ್ಟ ಅಡ್ವಾನ್ಸ್, ಎಲ್ಲ ಮೇಸ್ತ್ರಿ ತಲೆಯಲ್ಲೇ ಇರುತ್ತದೆ, ಅವನು ಹೇಳಿದ್ದೇ ಲೆಕ್ಕ. ನಮ್ಮ ಮೇಸ್ತ್ರಿಗೆ ಫೋನಿನಲ್ಲಿ ಬರೆಯೋಕೆ ಬರಲ್ಲ, ಬರೋದೂ ಬೇಡ ಅಂದೆ. ದಿನಾ ಬೆಳಿಗ್ಗೆ ಹತ್ತರೊಳಗೆ ಹಾಜರಿ ಪುಟದ ಫೋಟೊ ಹಾಕಬೇಕು, ಅಡ್ವಾನ್ಸ್ ಕೊಟ್ಟರೆ ಆಗಲೇ ವಾಯ್ಸ್ ಕಳಿಸಬೇಕು. ಮೊದಲ ಎರಡು ವಾರ ಮುಖ ಊದಿಸಿಕೊಂಡಿದ್ದ. ಈಗ ಶನಿವಾರ ಅವನೇ ಬೇಗ ಮನೆಗೆ ಹೋಗುತ್ತಾನೆ.

ಇನ್ನು ಜಿಎಸ್‌ಟಿ. ನಿಮ್ಮದು 18% ಹಾಕಿ ಬಿಲ್ ಮಾಡುವ ಕಾಂಟ್ರಾಕ್ಟ್ ಕೆಲಸ, ಹಾಗಾಗಿ ಕೊಂಡ ಮಾಲಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಬಿಟ್ಟರೆ ಕೈಯಿಂದಲೇ ಹೋಗುತ್ತದೆ. ಒಂದು ಲಕ್ಷದ ಸಿಮೆಂಟಿಗೆ 18 ಸಾವಿರ! ಅಂಗಡಿಯವನು ಬಿಲ್ ಅಪ್‌ಲೋಡ್ ಮಾಡಿದ್ದಾನಾ ಇಲ್ವಾ ಅನ್ನೋದು ತಿಂಗಳ 14ಕ್ಕೆ 2ಬಿಯಲ್ಲಿ, ಅಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ನಮ್ಮ ಖರೀದಿ ಬಿಲ್‌ಗಳ ಪಟ್ಟಿಯಲ್ಲಿ ಬರುತ್ತದೆ. ನೀವು 20ಕ್ಕೆ ತೆರಿಗೆ ಕಟ್ಟೋದು. ನಾವು 19ನೇ ತಾರೀಖು ರಾತ್ರಿ ನೋಡೋಕೆ ಕೂತು, ಬಿಲ್ ಇಲ್ಲ ಅಂತ ಗೊತ್ತಾಗಿ, ಆ ತಿಂಗಳು ಪೂರ್ತಿ ಕೈಯಿಂದ ಕಟ್ಟಿದ್ದೇವೆ. ಅಂಗಡಿಯವನು ಫೋನ್ ಕೂಡ ಎತ್ತಲಿಲ್ಲ. 14ಕ್ಕೇ ಶೀಟು, 2ಬಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಬಿಲ್ ಬಂದಿಲ್ಲ ಅಂದರೆ ಆ ಅಂಗಡಿಯ ಮುಂದಿನ ಪೇಮೆಂಟ್ ತಡೆಹಿಡಿಯಿರಿ, ಮುಂದಿನ ತಿಂಗಳಿಗಾದರೂ ತಾನಾಗೇ ಹಾಕುತ್ತಾನೆ.

ಒಂದೇ ಸೈಟಿನಲ್ಲಿ ಶುರು ಮಾಡಿ, ಮೂರಕ್ಕೂ ಒಟ್ಟಿಗೆ ಹಚ್ಚಬೇಡಿ. ಭಾವಾ, ಸಾಫ್ಟ್‌ವೇರ್ ವಿಷಯ ಆಮೇಲೆ ಮಾತಾಡೋಣ, ಕೋಪ ಬೇಡ. ಚಿಕ್ಕಪ್ಪ, ಈ ವಾರದ ಹಾಜರಿ ಪುಟ ಒಂದು ಫೋಟೊ ತೆಗೆದು ನನಗೆ ಹಾಕಿ, ಫಾರ್ಮ್ ನಾನೇ ಮಾಡಿ ಕಳಿಸುತ್ತೇನೆ.