ಸಹಾಯ ಬೇಕು: ಮಡಚುವ ಪೀಶಕತ್ತಿಯ ತಿರುಗುಮೊಳೆ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳೆಯ ಪೀಶಕತ್ತಿ, ಕೊಂಬಿನ ಹಿಡಿ, ಒಳಗೆ ಹಿತ್ತಾಳೆ ತಗಡು, ಬೆನ್ನಿಗೆ ಉಕ್ಕಿನ ಸ್ಪ್ರಿಂಗ್. ಬಿಚ್ಚಿದ ಅಲಗನ್ನು ಎರಡು ದಿನ ಸೀಮೆಎಣ್ಣೆಯಲ್ಲಿಟ್ಟು 400, 800, 1500ರ ವಾಟರ್ ಪೇಪರಿನಲ್ಲಿ ಉಜ್ಜಿದ್ದಾಗಿದೆ. ಕಪ್ಪು ಗುಳಿಗಳು ಉಳಿದಿವೆ, ಇರಲಿ. ಅವನ್ನೂ ತೆಗೆಯಹೋದರೆ ಅಲಗೇ ತೆಳ್ಳಗಾಗುತ್ತದೆ.

ತೊಂದರೆ ಇರುವುದು ತಿರುಗುಮೊಳೆಯಲ್ಲಿ, ಅಂದರೆ ಅಲಗು ಮಡಚಿ ಬಿಚ್ಚುವಾಗ ತಿರುಗುವ ಮೊಳೆಯಲ್ಲಿ. ಹಳೆಯದು 2.5 ಮಿ.ಮೀ. ಹಿತ್ತಾಳೆ. ಅಲಗಿನ ಬುಡದ ತೂತು ಸವೆದು ಮೊಟ್ಟೆಯ ಆಕಾರವಾಗಿದೆ, ಉದ್ದಕ್ಕೆ ಅಳೆದರೆ 2.8. ಹೊಸ ಮೊಳೆಯ ತಲೆ ಬಿಗಿಯಾಗಿ ಬಡಿದರೆ ಕತ್ತಿ ತೆರೆಯುವುದೇ ಇಲ್ಲ. ತಗಡಿಗೂ ಅಲಗಿಗೂ ನಡುವೆ ನೋಟ್‌ಬುಕ್ಕಿನ ಕಾಗದದ ಚೂರಿಟ್ಟು ಬಡಿದು, ಆಮೇಲೆ ಎಳೆದು ತೆಗೆದರೆ ಎಡಬಲದ ಓಲಾಟ ಹದಕ್ಕೆ ಬರುತ್ತದೆ. ಆದರೆ ಮೇಲೆ ಕೆಳಗೆ ಆಡುವುದು ತೂತಿನ ಸವೆತದಿಂದ, ಅದಕ್ಕೆ ಕಾಗದ ಸಾಲದು.

ತೂತನ್ನು 3 ಮಿ.ಮೀ. ಮಾಡಿ ದಪ್ಪ ಮೊಳೆ ಹಾಕುವುದೋ, ಹಿತ್ತಾಳೆ ಬುಶ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಕೂರಿಸುವುದೋ? ಬುಡವೂ ಗಡುಸು, ಮಾಮೂಲಿ ಡ್ರಿಲ್ ಬಿಟ್ ಜಾರುತ್ತದೆ. ಕಾಯಿಸಿ ಮೆತ್ತಗೆ ಮಾಡುವ ಸಲಹೆ ದಯವಿಟ್ಟು ಬೇಡ, ಶಾಖ ಅಲಗಿನ ಬಾಯಿವರೆಗೆ ಹರಿದರೆ ಹರಿತ ನಿಲ್ಲದು. ಗಡುಸು ಉಕ್ಕನ್ನೂ ಕೊರೆಯುವ 3 ಮಿ.ಮೀ. ಕಾರ್ಬೈಡ್ ಬಿಟ್ ಕಾಸರಗೋಡು, ಮಂಗಳೂರು ಕಡೆ ಬಿಡಿಯಾಗಿ ಎಲ್ಲಿ ಸಿಗುತ್ತದೆ? ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆ ಹಿಡಿಯುವ ಮೊದಲು ಜೋಡಿಸಬೇಕು. ಉಜ್ಜಿಟ್ಟ ಅಲಗು ಇಲ್ಲಿನ ತೇವಕ್ಕೆ ಬೇಗ ಕೆಂಪಾಗುತ್ತದೆ.