ಲೈವ್‌ಟೂಡಿ: ಮೊಮ್ಮಗಳ ರಿಗ್ ಅಜ್ಜಿಗೆ ಹಾಕಿದರೆ ಮೂಗುಬೊಟ್ಟು ಕೆನ್ನೆಗೆ ಬರುತ್ತಿದೆ!

ಗೊಂಬೆಮನೆ:
ಎಲ್ಲರಿಗೂ ನಮಸ್ಕಾರ. ಮಕ್ಕಳ ಕತೆಯ ವಿಡಿಯೊಗಳಿಗೆ ಅಂತ ಲೈವ್‌ಟೂಡಿಯ ಕ್ಯೂಬಿಸಂನಲ್ಲಿ (ಬಿಡಿಸಿದ ಚಿತ್ರವನ್ನು ಅಲ್ಲಾಡಿಸುವ ಸಾಫ್ಟ್‌ವೇರ್) ಆರು ಪಾತ್ರ ರಿಗ್ ಮಾಡಬೇಕು, ಅಂದರೆ ಚಿತ್ರದ ಚೂರುಗಳು ಕದಲುವ ಹಾಗೆ ಕಟ್ಟಬೇಕು. ಮೊದಲು ಪುಟ್ಟಿ ಅನ್ನೋ ಮೊಮ್ಮಗಳನ್ನು ಮುಗಿಸಿದೆ. ಅವಳೊಬ್ಬಳಿಗೇ ಮೂರು ವಾರ ಹಿಡಿಯಿತು. ತಲೆ ತಿರುಗುವುದು, ಕಣ್ಣು ಮಿಟುಕುವುದು, ಎರಡು ಜಡೆ ಅಲ್ಲಾಡುವುದು ಎಲ್ಲ ಚೆನ್ನಾಗಿ ಬಂತು. ಅದನ್ನೇ ಇನ್ನೂ ಐದು ಸಲ ಯಾಕೆ ಮಾಡಲಿ ಅಂತ ಪುಟ್ಟಿಯ ಫೈಲನ್ನೇ ಟೆಂಪ್ಲೇಟ್ ಮಾಡಿಕೊಂಡು ಅಜ್ಜಿಗೆ ಹಾಕಿದೆ.

ನೇರ ನೋಡುವಾಗ ಅಜ್ಜಿ ಸರಿಯಾಗೇ ಇದ್ದಾರೆ. ತಲೆಯನ್ನು ಎಡಬಲಕ್ಕೆ ತಿರುಗಿಸುವ ಆ್ಯಂಗಲ್ ಎಕ್ಸ್ ಸ್ಲೈಡರ್ ಅನ್ನು 30ಕ್ಕೆ ಎಳೆದರೆ ಮೂಗು ಪಕ್ಕಕ್ಕೆ ಹೋಗುತ್ತದೆ, ಮೂಗುಬೊಟ್ಟು ಮಾತ್ರ ಇದ್ದಲ್ಲೇ ಇರುತ್ತದೆ. ಕೆನ್ನೆ ಮೇಲೆ ನರಹುಲಿ ಎದ್ದ ಹಾಗೆ ಕಾಣುತ್ತದೆ. ಗದ್ದ ಸೊಟ್ಟಗಾಗುತ್ತದೆ. ಎಡಗಣ್ಣು ಮುಚ್ಚು ಅಂದರೆ ಬಲಗಣ್ಣು ಮುಚ್ಚುತ್ತಾರೆ. ಟೆಂಪ್ಲೇಟ್ ಅನ್ನೋದೇ ಸುಳ್ಳಾ, ಅಥವಾ ನಾನೇ ಎಲ್ಲೋ ಎಡವಿದ್ದೀನಾ?

ಹಳೇಪೆನ್ಸಿಲ್:
ಓದಿ ನಕ್ಕೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮೊದಲ ಟೆಂಪ್ಲೇಟ್‌ನಲ್ಲಿ ತಾತನ ಕನ್ನಡಕ ಹೀಗೇ ಗಾಳಿಯಲ್ಲಿ ನಿಂತಿತ್ತು.

ಪುಟ್ಟಿಗೆ ಮೂಗುಬೊಟ್ಟು ಇಲ್ಲ ಅಲ್ವಾ? ಹಾಗಿದ್ದರೆ ಅಜ್ಜಿಯದನ್ನು ಜೋಡಿಸಲು ಟೆಂಪ್ಲೇಟ್‌ನಲ್ಲಿ ಏನೂ ಸಿಕ್ಕಿರುವುದಿಲ್ಲ. ಜೋಡಿ ಸಿಗದ ಆರ್ಟ್‌ಮೆಶ್ (ಚಿತ್ರದ ಒಂದು ಚೂರು) ಯಾವ ಡಿಫಾರ್ಮರ್ (ಒಳಗಿನ ಚೂರುಗಳನ್ನು ಬಾಗಿಸಿ ಕದಲಿಸುವ ಚೌಕಟ್ಟು) ಒಳಗೂ ಸೇರದೆ ಹೊರಗೇ ಉಳಿಯುತ್ತದೆ. ಈಗ ಮಾಡಬೇಕಾದ್ದು ಇಷ್ಟೇ: ಎಲ್ಲ ಪ್ಯಾರಾಮೀಟರ್‌ಗಳನ್ನೂ (ಆ್ಯಂಗಲ್ ಎಕ್ಸ್ ಥರದ ಸ್ಲೈಡರ್‌ಗಳು) ಮೊದಲಿನ ಬೆಲೆಗೆ ತನ್ನಿ, ಮುಖ ನೇರವಾಗಲಿ. ಆಮೇಲೆ ಮೂಗುಬೊಟ್ಟನ್ನು ಮೂಗಿನ ವಾರ್ಪ್ ಡಿಫಾರ್ಮರ್‌ನ (ಜಾಲರಿಯಂಥ ಡಿಫಾರ್ಮರ್) ಮಗುವಾಗಿ, ಅಂದರೆ ಅದರ ಒಳಗೆ, ಸೇರಿಸಿ. ಮುಖದ ಡಿಫಾರ್ಮರ್‌ಗಲ್ಲ, ಮೂಗಿನದಕ್ಕೇ. ತಿರುಗುವಾಗ ಮೂಗು ಕೆನ್ನೆಗಿಂತ ಜಾಸ್ತಿ ದೂರ ಹೋಗುತ್ತದೆ. ಮುಖಕ್ಕೆ ಕಟ್ಟಿದರೆ ಬೊಟ್ಟು ಮತ್ತೆ ಹಿಂದೆ ಬೀಳುತ್ತದೆ.

ಕಣ್ಣಿನದು ಹೆಸರಿನ ಗೊಂದಲ ಇರಬೇಕು. ಪುಟ್ಟಿಯ ಪಿಎಸ್‌ಡಿಯಲ್ಲಿ (ಪದರ ಪದರವಾಗಿ ಬಿಡಿಸಿದ ಚಿತ್ರದ ಫೈಲು) 'ಎಡಗಣ್ಣು' ಅಂದರೆ ಪಾತ್ರದ ಎಡ, ಅಜ್ಜಿಯದರಲ್ಲಿ ನೋಡುವವರ ಎಡ. ನೋಡಿ, ಹಾಗೇ ಆಗಿರುತ್ತದೆ. ಒಂದು ಕಡೆ ಗಟ್ಟಿ ಮಾಡಿಕೊಂಡು ಆರೂ ಫೈಲಿಗೆ ಅದನ್ನೇ ಇಡಿ.

ಆದರೆ ನಿಜವಾದ ತಪ್ಪು ಬೇರೆ. ನೀವು ಮುಗಿದ ಮಾಡೆಲ್ಲನ್ನು ಟೆಂಪ್ಲೇಟ್ ಮಾಡಿದ್ದೀರಿ. ಪುಟ್ಟಿಯ ದುಂಡು ಕೆನ್ನೆ, ಎರಡು ಜಡೆ ಎಲ್ಲವೂ ಅಜ್ಜಿಯ ಮೇಲೆ ಬಂದು ಕೂತಿವೆ. ಗದ್ದ ಸೊಟ್ಟಗಾಗುವುದೂ ಅದಕ್ಕೇ. ನನ್ನ ಹತ್ತಿರ 'ಬೋಳುತಲೆ' ಅಂತ ಒಂದು ಫೈಲಿದೆ. ಕೂದಲಿಲ್ಲ, ಬಟ್ಟೆಯಿಲ್ಲ. ಮುಖ, ಹುಬ್ಬು, ಕಣ್ಣು, ಮೂಗು, ಬಾಯಿ, ಕುತ್ತಿಗೆ ಅಷ್ಟೇ. ಜೊತೆಗೆ ಡಮ್ಮಿ ಚೂರುಗಳು: ಮೂಗುಬೊಟ್ಟು, ಕುಂಕುಮ, ಕನ್ನಡಕ, ಜುಮುಕಿ, ಮೀಸೆ. ಪ್ರತಿಯೊಂದೂ ಅದರದರ ಡಿಫಾರ್ಮರ್ ಒಳಗೇ ಕೂತಿದೆ. ಬೇಡವಾದದ್ದನ್ನು ಆ ಪಾತ್ರದಲ್ಲಿ ಅಳಿಸುತ್ತೇನೆ. ಅಳಿಸುವುದು ಅರ್ಧ ನಿಮಿಷದ ಕೆಲಸ, ಸೇರಿಸುವುದು ಅರ್ಧ ದಿನದ್ದು.

ಎಕ್ಸ್‌ಗೆ (ಎಡಬಲ) ಮೂರು, ವೈಗೆ (ಮೇಲೆ ಕೆಳಗೆ) ಮೂರು ಕೀ, ಅಂದರೆ ಸ್ಲೈಡರ್ ಮೇಲೆ ರೂಪ ಗುರುತು ಮಾಡುವ ಜಾಗ, ಇಟ್ಟರೆ ಮುಖಕ್ಕೆ ಒಂಬತ್ತು ರೂಪ. ಮೇಲೆ, ಕೆಳಗೆ, ಎಡ, ಬಲ ನಾಲ್ಕನ್ನು ಅಜ್ಜಿಯ ಗದ್ದ ನೋಡಿಕೊಂಡು ಕೈಯಲ್ಲಿ ತಿದ್ದಿ. ನಾಲ್ಕು ಮೂಲೆಗಳನ್ನು ಕ್ಯೂಬಿಸಂ ತಾನೇ ಹುಟ್ಟಿಸಿಕೊಡುತ್ತದೆ. ಅವನ್ನು ಸುಮ್ನೆ ಒಮ್ಮೆ ನೋಡಿದರೆ ಸಾಕು.

ಹಾಂ, ಇನ್ನೊಂದು. ಪಾರ್ಟ್‌ಗಳ ಹೆಸರು ಕನ್ನಡದಲ್ಲಿ ಇಟ್ಟುಕೊಳ್ಳಿ, ತೊಂದರೆಯಿಲ್ಲ. ಐಡಿಗೆ (ಸಾಫ್ಟ್‌ವೇರ್ ಒಳಗೆ ಬಳಸುವ ಗುರುತು) ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್. ಪ್ಯಾರಾಮೀಟರ್‌ಗಳ ಐಡಿ ಮೊದಲೇ ಕೊಟ್ಟಿರುವುದನ್ನೇ ಬಿಡಿ. ಮುಂದೆ ವಿಟ್ಯೂಬ್ ಸ್ಟುಡಿಯೋಗೆ (ಕ್ಯಾಮೆರಾ ಮುಂದಿನ ನಿಮ್ಮ ಮುಖದ ಹಾಗೆ ಪಾತ್ರವನ್ನು ಅಲ್ಲಾಡಿಸುವ ಆ್ಯಪ್) ಹಾಕಿದರೆ ಅದು ಆ ಐಡಿಗಳನ್ನು ನೋಡಿಯೇ ಕ್ಯಾಮೆರಾಗೆ ಜೋಡಿಸುತ್ತದೆ.

ಮೆಶ್‌ಮಾವ:
ಪೆನ್ಸಿಲ್ ಅವರ ಬೋಳುತಲೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಗೊಂಬೆಮನೆಯವರು ಫ್ರೀ ಆವೃತ್ತಿ ಬಳಸುತ್ತಿದ್ದಾರಾ, ಯಾರೂ ಕೇಳಲಿಲ್ಲ. ಅದರಲ್ಲಿ ಆರ್ಟ್‌ಮೆಶ್ 100, ಪ್ಯಾರಾಮೀಟರ್ 30 ಅಷ್ಟೇ. ಡಮ್ಮಿ ತುಂಬಿದರೆ ಸೀರೆ ನೆರಿಗೆಗೆ ಜಾಗ ಎಲ್ಲಿ?

ಬಾಯಿಗಂತೂ ನಾನು ಟೆಂಪ್ಲೇಟ್ ನಂಬುವುದಿಲ್ಲ. ಹಲ್ಲಿಲ್ಲದ ಅಜ್ಜಿ 'ಪ' ಅಂದಾಗ ತುಟಿ ಒಳಕ್ಕೆ ಹೋಗಬೇಕು. ಏಳು ವರ್ಷದ ಹುಡುಗಿಯ ಬಾಯಿ ತಂದು ಇಟ್ಟರೆ ಕಟ್ಟಿಸಿದ ಹಲ್ಲು ಹಾಕಿಕೊಂಡ ಹಾಗಿರುತ್ತದೆ. ಬಾಯಿ ಹೊಸದಾಗಿ ಮಾಡಿ. ಒಂದು ಸಂಜೆ ಹೋಗುತ್ತದೆ, ಹೋಗಲಿ.

ಗೊಂಬೆಮನೆ:
ಇಬ್ಬರಿಗೂ ಥ್ಯಾಂಕ್ಸ್. ಕಣ್ಣಿನ ವಿಷಯ ಪೆನ್ಸಿಲ್ ಅವರು ಹೇಳಿದ ಹಾಗೇ ಇತ್ತು, ನನ್ನದೇ ಎಡವಟ್ಟು. ಮೂಗುಬೊಟ್ಟು ಈಗ ಮೂಗು ಬಿಟ್ಟು ಕದಲುತ್ತಿಲ್ಲ.

ಮಾವ, ಪ್ರೋ ಟ್ರಯಲ್‌ನಲ್ಲಿದ್ದೇನೆ. 42 ದಿನದಲ್ಲಿ ಮೂರು ವಾರ ಪುಟ್ಟಿಯೇ ತಿಂದಳು. ಅದಕ್ಕೇ ನಿನ್ನೆ ರಾತ್ರಿ ಪುಟ್ಟಿಯ ಫೈಲಿನ ನಕಲು ತೆಗೆದು, ಜಡೆ, ಲಂಗ ಎಲ್ಲ ಕಿತ್ತು ನನ್ನದೊಂದು ಬೋಳುತಲೆ ಮಾಡಿದೆ. ಆರ್ಟ್‌ಮೆಶ್ 38ಕ್ಕೆ ನಿಂತಿತು, ಡಮ್ಮಿಗಳೂ ಸೇರಿ. ಅಜ್ಜಿಯ ಬಾಯಿ ಇವತ್ತು ಹೊಸದಾಗಿ ಶುರು ಮಾಡುತ್ತೇನೆ. ಮನೆಯಲ್ಲಿ ನಮ್ಮಜ್ಜಿಗೆ 'ಪಪ್ಪಾಯಿ' ಅನ್ನಿಸಿ ಫೋನಲ್ಲಿ ವಿಡಿಯೊ ಮಾಡಿಕೊಂಡಿದ್ದೇನೆ. ಯಾಕೆ ಅಂತ ಮೂರು ಸಲ ಕೇಳಿದರು.